ಗಾಡಿ ಹಿಂದಕ್ಕೆ ತಂದವಳು

ನಮ್ಮ ಠಾಣೆಯ ಬೆಂಕಿ ಗಾಡಿಗೆ ರಿವರ್ಸ್ ಗೇರ್ ಎಂಬುದೇ ಇರಲಿಲ್ಲ. ಕಂಪನಿಯವರು ಇಟ್ಟು ಕಳಿಸಿದ್ದರೇನೋ, ನಾವಂತೂ ಅದರ ಮುಖ ನೋಡಿದವರಲ್ಲ. ಗಂಟೆ ಹೊಡೆದರೆ ಮುಂದಕ್ಕೆ, ಬೆಂಕಿ ಕಂಡರೆ ಇನ್ನೂ ಮುಂದಕ್ಕೆ, ಕಾಣದಿದ್ದರೆ ಕಾಣುವ ತನಕ ಮುಂದಕ್ಕೆ. ಶೆಡ್ಡಿಗೆ ಎರಡು ಬಾಗಿಲು ಮಾಡಿಸಿದ್ದು ಇದೇ ಕಾರಣಕ್ಕೆ. ಮುಂಬಾಗಿಲಿನಿಂದ ಹೊರಟ ಗಾಡಿ ಊರು ಸುತ್ತಿ ಬಂದು ಹಿಂಬಾಗಿಲಿನಿಂದ ಒಳಗೆ ಸೇರುತ್ತಿತ್ತು. ಒಮ್ಮೆ ಒಂದು ಸಂದಿಯಲ್ಲಿ ಸಿಕ್ಕಿಕೊಂಡಾಗ, ಹಿಂದಕ್ಕೆ ತೆಗೆದರೆ ಮರ್ಯಾದೆ ಹೋಗುತ್ತದೆಂದು ಎದುರಿಗಿದ್ದ ಗೋಡೆಯನ್ನೇ ಕೆಡವಿ ಮುಂದೆ ಹೋದೆವು. ಗೋಡೆಯ ಯಜಮಾನ ಸಂತೋಷದಿಂದ ತಟ್ಟಿದ. ಚಪ್ಪಾಳೆ ತಟ್ಟಿದನೋ, ನಮ್ಮ ಬೆನ್ನಿಗೆ ತಟ್ಟಿದನೋ, ಆ ವಿಷಯದಲ್ಲಿ ಭಿನ್ನಾಭಿಪ್ರಾಯ ಇದೆ.

ಬೆಂಕಿಗೆ ಎಷ್ಟು ಹತ್ತಿರ ಹೋಗಿದ್ದೆವೆಂಬುದಕ್ಕೆ ಬಂಪರಿನ ಮೇಲೆ ಗುಳ್ಳೆ ಎದ್ದ ಬಣ್ಣವೇ ಸಾಕ್ಷಿ. ಬೇರೆ ಠಾಣೆಯವರು ಗಾಡಿಗೆ ಹೊಸ ಬಣ್ಣ ಬಳಿಯುತ್ತಿದ್ದರು. ನಾವು ಆ ಗುಳ್ಳೆಗಳನ್ನು ಬಟ್ಟೆಯಿಂದ ಒರೆಸಿ ಹೊಳಪು ಕೊಡುತ್ತಿದ್ದೆವು.

ಇಂಥ ಗಾಡಿಗೆ ಡ್ರೈವರಾಗಿ ಬಂದವಳು ಬ್ರೇಕಮ್ಮ.

ಆ ಹೆಸರು ಅವಳ ಅಪ್ಪ ಅಮ್ಮ ಇಟ್ಟದ್ದಲ್ಲ, ನಾವು ಇಟ್ಟದ್ದು. ಆಳು ಗಿಡ್ಡ. ಸೀಟಿನ ಮೇಲೆ ಎರಡು ದಿಂಬು ಹಾಕಿಕೊಂಡು ಕೂತರೂ ಹೊರಗಿನವರಿಗೆ ಕಾಣುತ್ತಿದ್ದದ್ದು ಒಂದು ಟೋಪಿ, ಅದರ ಕೆಳಗೆ ಗಂಟು ಹಾಕಿದ ಎರಡು ಹುಬ್ಬು. ಗಾಡಿ ತನ್ನಷ್ಟಕ್ಕೆ ತಾನೇ ಓಡುತ್ತಿದೆಯೆಂದು ಹೆದರಿ ದಾರಿ ಬಿಟ್ಟವರು ಎಷ್ಟೋ ಜನ. ಅವಳು ಬಂದ ಮೊದಲ ವಾರ ಒಂದು ಗೋದಾಮಿನಲ್ಲಿ ಬೆಂಕಿ ಬಿತ್ತು. ನಾವೆಲ್ಲ ಹಗ್ಗ, ಪೈಪು ಹಿಡಿದು ಬೆಂಕಿಯ ಬಾಯಿಗೇ ಇಳಿಯಲು ತಯಾರಾಗಿ ನಿಂತಿದ್ದರೆ, ಈ ಮಹಾತಾಯಿ ಬೀದಿಯ ತುದಿಯಲ್ಲೇ ಬ್ರೇಕ್ ಒತ್ತಿದಳು. ಒತ್ತಿದ ರಭಸಕ್ಕೆ ನಮ್ಮ ಪೈಲ್ವಾನ, ಪೈಪ್ ಹಿಡಿಯುವವರಲ್ಲೇ ದೊಡ್ಡ ಆಳು, ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಬಡ್ತಿ ಪಡೆದ. ಅವಳು ನಿಧಾನವಾಗಿ ಕೆಳಗಿಳಿದು, ಕೈ ಉದ್ದಕ್ಕೆ ಚಾಚಿ, ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ ನಿಂತಳು.

"ಏನಮ್ಮಾ, ಬೆಂಕಿ ಹತ್ರ ಲಿಫ್ಟ್ ಕೇಳ್ತಿದ್ದೀಯಾ?" ಎಂದರು ನಮ್ಮ ಸಾಹೇಬರು.

"ಅಳತೆ ನೋಡ್ತಿದ್ದೀನಿ ಸಾರ್."

ತರಬೇತಿಯಲ್ಲಿ ಹೇಳಿಕೊಟ್ಟ ಪಾಠ ಅದು. ಏನು ಸೋರಿದೆ, ಏನು ಉರಿಯುತ್ತಿದೆ ಎಂದು ಗೊತ್ತಿಲ್ಲದಾಗ ಹೆಬ್ಬೆರಳು ಎತ್ತಿ ನೋಡಬೇಕು. ಅವಘಡದ ಜಾಗವೆಲ್ಲ ಬೆರಳಿನ ಹಿಂದೆ ಮರೆಯಾದರೆ ಸರಿಯಾದ ದೂರದಲ್ಲಿದ್ದೀಯ. ಬೆರಳಿನ ಆಚೀಚೆ ಇಣುಕುತ್ತಿದ್ದರೆ ತೀರ ಹತ್ತಿರ ಬಂದಿದ್ದೀಯ, ಹಿಂದೆ ಸರಿ. ಈ ಪಾಠ ನಮಗೂ ಆಗಿತ್ತು. ಊಟ ಆದ ಮೇಲಿನ ಪಾಠವಾದ್ದರಿಂದ ಅವತ್ತು ನಾವು ಎರಡೂ ಕಣ್ಣು ಮುಚ್ಚಿದ್ದೆವು.

ಸಾಹೇಬರಿಗೆ ಹೆಬ್ಬೆರಳಿನ ಅಗತ್ಯವೇ ಇರಲಿಲ್ಲ, ಮೂಗಿತ್ತು. ಅವರನ್ನು ಊರೆಲ್ಲ ಮೂಗು ಸಾಹೇಬರು ಎಂದೇ ಕರೆಯುತ್ತಿತ್ತು. ಸುಡುತ್ತಿರುವುದು ಟೈರೋ, ಹತ್ತಿಯೋ, ವೈರೋ ಎಂದು ಎರಡು ಬೀದಿ ಆಚೆಯಿಂದಲೇ ಹೇಳುವ ಮೂಗು. ಒಮ್ಮೆ ಠಾಣೆಯಲ್ಲಿ ಕೂತೇ ಯಾರದೋ ಮನೆಯಲ್ಲಿ ಹಾಲು ಉಕ್ಕಿದ್ದನ್ನು ಕಂಡುಹಿಡಿದು, ಫೋನು ಮಾಡಿ ಒಲೆ ಆರಿಸಲು ಹೇಳಿದ್ದರು. ಅದು ಎಮ್ಮೆ ಹಾಲು ಎಂದೂ ಹೇಳಿದ್ದರಂತೆ. ಹೀಗಾಗಿ ನಮ್ಮ ಠಾಣೆಯಲ್ಲಿ ಪ್ರತಿಯೊಬ್ಬನಿಗೂ ಪ್ರತಿಯೊಂದೂ ಗೊತ್ತಿತ್ತು. ಬ್ರೇಕಮ್ಮನಿಗೆ ಮಾತ್ರ ಏನೂ ಗೊತ್ತಿರಲಿಲ್ಲ.

"ಏನದು, ಆ ಡ್ರಮ್ಮಿನಲ್ಲಿ?" ಎಂದು ಸಾಹೇಬರು ಪರೀಕ್ಷೆ ಮಾಡಲು ಕೇಳಿದರೆ, ಅವಳದು ಒಂದೇ ಉತ್ತರ. "ಗೊತ್ತಿಲ್ಲ ಸಾರ್."

ಅದನ್ನು ಅವಳು ತಲೆ ತಗ್ಗಿಸಿ ಹೇಳುತ್ತಿರಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತಿದ್ದಳು. ಅದೇ ಸಾಹೇಬರಿಗೆ ಮೈ ಉರಿ. ಆ ಉರಿ ಆರಿಸಲು ನಮ್ಮಲ್ಲಿ ಪೈಪ್ ಇರಲಿಲ್ಲ.

ಅವಳು ಇದ್ದದ್ದು ಒಂದು ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ. ಅಂಗಡಿ ಗಂಡನದು. ಆತ ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದುದರಿಂದ ಮನೆಯಲ್ಲಿ ಮಾತು ಕಡಿಮೆ. ಆ ಕೊರತೆಯನ್ನು ಅತ್ತೆ ತುಂಬುತ್ತಿದ್ದರು. ಅತ್ತೆಗೆ ನಶ್ಯದ ಚಟ. ನಶ್ಯದ ಡಬ್ಬಿ ತಮ್ಮ ಟ್ರಂಕಿನಲ್ಲಿ, ಟ್ರಂಕಿಗೆ ಬೀಗ, ಬೀಗದ ಕೀಲಿ ಮಾತ್ರ ಸೊಸೆಯ ಸೊಂಟದಲ್ಲಿ.

"ನನ್ನ ಹತ್ರ ಇದ್ರೆ ಒಂದೇ ದಿನಕ್ಕೆ ಡಬ್ಬಿ ಖಾಲಿ ಮಾಡ್ತೀನಿ ಕಣೇ. ನಿನ್ನ ಹತ್ರಾನೇ ಇರ್ಲಿ. ನಾನು ಕೇಳಿದ್ರೂ ಕೊಡಬೇಡ" ಎಂದು ಬೆಳಿಗ್ಗೆ ಹೇಳಿ, ಸಂಜೆ ಸೊಸೆ ಬರುವ ಹೊತ್ತಿಗೆ ಮೆಟ್ಟಿಲ ಮೇಲೆ ಕೂತು, "ಕೊಡೇ, ಪ್ರಾಣ ಹೋಗ್ತಾ ಇದೆ" ಎನ್ನುವವರು ಅವರು.

ಆ ಹಿತ್ತಾಳೆಯ ಕೀಲಿ ಸಿಕ್ಕಿಸಿದ್ದ ಬಳೆಯಲ್ಲೇ ಬೆಂಕಿ ಗಾಡಿಯ ಕೀಯೂ ಇತ್ತು. ಗಾಡಿಯ ಮೂಲ ಕೀ ಎಂದೋ ಕಳೆದು, ಬೀಗ ರಿಪೇರಿಯವನು ಅದನ್ನೂ ಹಿತ್ತಾಳೆಯಲ್ಲೇ ಮಾಡಿಕೊಟ್ಟಿದ್ದ. ಡ್ರೈವರ್ ಬಿಟ್ಟು ಬೇರೆ ಯಾರೂ ಅದನ್ನು ಮುಟ್ಟುವ ಪದ್ಧತಿ ಇರಲಿಲ್ಲ. ಕೀ ಯಾರ ಸೊಂಟದಲ್ಲೋ ಗಾಡಿ ಅವರದು. ಸಾಹೇಬರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು ಮೂಗು ಕಿಟಕಿಯಿಂದ ಹೊರಗಿಡುವುದಷ್ಟೇ ಅವರ ಕೆಲಸ.

ಗೋದಾಮಿನ ನಂತರ ಇನ್ನೂ ಕೆಲವು ಕಡೆ ಅವಳು ದೂರದಲ್ಲೇ ನಿಲ್ಲಿಸಿದಳು. ಬಂಪರಿನ ಮೇಲೆ ಹೊಸ ಗುಳ್ಳೆ ಒಂದೂ ಏಳಲಿಲ್ಲ. ಪಕ್ಕದ ಠಾಣೆಯವರು, "ನಿಮ್ಮ ಗಾಡಿಗೆ ಬೆಂಕಿ ಅಂದ್ರೆ ನಾಚಿಕೆಯಂತೆ?" ಎಂದು ನಕ್ಕರು. ಸಾಹೇಬರು ಒಂದು ಬೆಳಿಗ್ಗೆ ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ ಅವಳಿಗೆ ಹೇಳಿದರು.

"ಕೇಳಮ್ಮಾ. ಇನ್ನೊಂದು ಸಲ ನಾನು ಹೇಳೋ ಮೊದಲು ಗಾಡಿ ನಿಲ್ಲಿಸಿದ್ರೆ ಕೀ ನನ್ನ ಕೈಗೆ ಬರಬೇಕು. ಆಮೇಲೆ ನಿನಗೆ ಸ್ಟೋರ್ ರೂಮು. ರಿಟೈರ್ ಆಗೋ ತನಕ ಪೈಪ್ ಸುತ್ತಿಕೊಂಡು ಕೂತಿರು. ಗೊತ್ತಾಯ್ತಾ?"

"ಇದು ಗೊತ್ತಾಯ್ತು ಸಾರ್."

ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಕೈ ಮಾತ್ರ ಸೊಂಟದ ಬಳೆಯನ್ನು ಹುಡುಕಿ ಮುಚ್ಚಿಕೊಂಡಿತು. ಊರಿನಲ್ಲಿ ಅಂಥ ಗಾಡಿ ಓಡಿಸುವ ಹೆಂಗಸು ಅವಳೊಬ್ಬಳೇ. ಶಾಲೆಯ ವ್ಯಾನು, ನೀರಿನ ಟ್ಯಾಂಕರು, ಲಾರಿ ಎಲ್ಲ ಓಡಿಸಿ, ಪ್ರತಿ ಸೀಟಿನಿಂದಲೂ ಯಾರೋ ಒಬ್ಬರು "ಇಳಿ" ಎಂದದ್ದನ್ನು ಕೇಳಿ, ಕೊನೆಗೆ ತಾನೇ ಗೆದ್ದುಕೊಂಡ ಸೀಟು ಇದು. ಸ್ಟೋರ್ ರೂಮಿಗೆ ಕಿಟಕಿಯೂ ಇರಲಿಲ್ಲ.

ಅವತ್ತು ಮನೆಗೆ ಹೋಗಿ ಹೇಳಿದಾಗ ಗಂಡ ಗುಂಡುಸೂಜಿ ತೆಗೆಯದೆ ನಿಟ್ಟುಸಿರು ಬಿಟ್ಟನಂತೆ. ಅತ್ತೆ ಮಾತ್ರ, "ಕೀ ಕೇಳಿದ್ರೆ ಕೊಟ್ಟುಬಿಡ್ತೀಯೇನೇ? ಸತ್ರೂ ಕೊಡಬೇಡ. ನಾನು ಕೇಳಿದ್ರೆ ಎಷ್ಟು ಗಟ್ಟಿಯಾಗಿ ಇಲ್ಲ ಅಂತೀಯ!" ಎಂದರಂತೆ.

ಆಮೇಲೆ ಈಜುಕೊಳದ ದಿನ ಬಂತು.

ಬೆಳಗಿನ ಹೊತ್ತು. ಈಜುಕೊಳದ ಪಂಪ್ ಕೋಣೆಯಿಂದ ಹೊಗೆ ಬರುತ್ತಿದೆ ಎಂದು ಫೋನು. ಅಷ್ಟೇ ಮಾತು, ಹೇಳಿದವನು ಕೆಮ್ಮುತ್ತಾ ಫೋನಿಟ್ಟಿದ್ದ. ನಾವು ಹಾರಿ ಗಾಡಿ ಹತ್ತಿದೆವು. ಈಜುಕೊಳ ಇರುವುದು ಒಂದು ಇಳಿಜಾರಿನ ರಸ್ತೆಯ ಕೊನೆಯಲ್ಲಿ. ಮೇಲೆ ಹಿಟ್ಟಿನ ಗಿರಣಿ, ನಡುವೆ ಎರಡೂ ಕಡೆ ಮನೆಗಳು, ಕೆಳಗೆ ಕಾಂಪೌಂಡ್ ಗೋಡೆ. ಗೋಡೆಯ ಆಚೆ, ಕೊಳದ ಹಿಂದಿನ ಅಂಚಿನಲ್ಲಿ, ಮೇಲಿನಿಂದ ನೀರಿಗೆ ಹಾರುವ ಎತ್ತರದ ಹಲಗೆ.

ಗಿರಣಿ ದಾಟಿ ಸ್ವಲ್ಪ ಇಳಿದಿದ್ದೆವು. ಬ್ರೇಕಮ್ಮ ಬ್ರೇಕ್ ಒತ್ತಿದಳು. ಪೈಲ್ವಾನ ಅಭ್ಯಾಸಬಲದಿಂದ ಮೊದಲೇ ಕಂಬಿ ಹಿಡಿದಿದ್ದ.

ಕೆಳಗೆ ಗೋಡೆಯ ಗೇಟಿನಿಂದ ಏನೋ ಹೊರಬರುತ್ತಿತ್ತು. ಹೊಗೆಯಾಗಿದ್ದರೆ ಮೇಲಕ್ಕೆ ಏಳಬೇಕಿತ್ತು. ಇದು ಏಳಲೇ ಇಲ್ಲ. ಹಳದಿಯೂ ಅಲ್ಲದ, ಹಸಿರೂ ಅಲ್ಲದ ಒಂದು ಮಬ್ಬು, ನೆಲಕ್ಕೆ ಹೊಟ್ಟೆ ಹಚ್ಚಿ, ಚರಂಡಿಗೆ ತುಂಬಿ, ಮೆಟ್ಟಿಲುಗಳನ್ನು ನೆಕ್ಕುತ್ತಾ ತೆವಳುತ್ತಿತ್ತು. ಮನೆಗಳ ಮಹಡಿಯ ಮೇಲೆ ಒಣಹಾಕಿದ ಬಟ್ಟೆಗಳೆಲ್ಲ ನಮ್ಮ ಕಡೆಗೇ ಹಾರುತ್ತಿದ್ದವು. ಅಂದರೆ ಗಾಳಿ ಕೊಳದಿಂದ ನಮ್ಮತ್ತ ಬೀಸುತ್ತಿತ್ತು. ಬ್ರೇಕಮ್ಮ ಬಟ್ಟೆ ನೋಡಿದಳು, ಕೈ ಚಾಚಿ ಹೆಬ್ಬೆರಳು ಎತ್ತಿದಳು. ಬೆರಳಿನ ಎರಡೂ ಕಡೆ ಈಜುಕೊಳ ಧಾರಾಳವಾಗಿ ಕಾಣುತ್ತಿತ್ತು.

"ನಡಿಯಮ್ಮಾ! ಮುಂದೆ!" ಎಂದರು ಸಾಹೇಬರು.

"ಅದೇನು ಸಾರ್, ಆ ಹಳದಿ?"

ಸಾಹೇಬರು ಮೂಗು ಹೊರಗಿಟ್ಟು ಒಂದು ಸಲ ಎಳೆದರು. "ಈಜುಕೊಳದ ವಾಸನೆ. ನನ್ನ ಮೊಮ್ಮಗ ದಿನಾ ಇದೇ ವಾಸನೆ ಹೊತ್ಕೊಂಡು ಮನೆಗೆ ಬರ್ತಾನೆ. ಒಳಗೆ ಮೋಟಾರ್ ಸುಡ್ತಾ ಇದೆ. ನಡಿ ಅಂದ್ನಲ್ಲ!"

"ನನಗೆ ಗೊತ್ತಿಲ್ಲ ಸಾರ್."

"ನನಗೆ ಗೊತ್ತು!"

"ನಿಮ್ಮ ಮೂಗಿಗೆ ಗೊತ್ತು ಸಾರ್. ನಮ್ಮೆಲ್ಲರ ಎದೆಗೆ ಗೊತ್ತಿಲ್ಲ" ಎಂದವಳೇ ಗೇರಿನ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಇಷ್ಟು ವರ್ಷ ಯಾರೂ ಕೈಹಾಕದ ಮೂಲೆಗೆ ಎಳೆದಳು. ರಿವರ್ಸ್ ಗೇರ್ ಬಿತ್ತು. ಬೀಳುವಾಗ ಎದ್ದ ಸದ್ದಿಗೆ ಊರಾಚೆಯ ಸ್ಮಶಾನದಲ್ಲಿ ಮಲಗಿದ್ದವರೂ ಮಗ್ಗುಲು ಬದಲಿಸಿದರು ಎನ್ನುತ್ತಾರೆ. ಗಾಡಿ ಹಿಂದಕ್ಕೆ ಹೊರಟಿತು.

ಗಿರಣಿಯ ಮುಂದೆ ಸೇರಿದ್ದ ಜನ ಮೊದಲು ಬಾಯಿ ಬಿಟ್ಟು ನೋಡಿದರು, ಆಮೇಲೆ ನಗಲು ಶುರು ಮಾಡಿದರು. "ಏಯ್, ಬೆಂಕಿ ಗಾಡಿ ಹಿಂದಕ್ಕೆ ಓಡ್ತಾ ಇದೆ ನೋಡ್ರೋ!" "ಮನೇಲಿ ಒಲೆ ಆರಿಸೋದು ಮರೆತಿರಬೇಕು!" ನಮ್ಮ ಮುಖ ಇಡಲು ಜಾಗವಿರಲಿಲ್ಲ. ಗಾಡಿ ಗಿರಣಿಯನ್ನೂ ದಾಟಿ ಏರಿನ ನೆತ್ತಿಯಲ್ಲಿ ನಿಂತ ಮೇಲೆ ಅವಳು ಇಳಿದು ಹೆಬ್ಬೆರಳು ಎತ್ತಿದಳು. ಈಜುಕೊಳ ಮರೆಯಾಯಿತು. ಸರಿ ಎಂಬಂತೆ ತಲೆಯಾಡಿಸಿದಳು.

ಸಾಹೇಬರು ಅಷ್ಟರಲ್ಲಿ ಅರ್ಧ ದಾರಿಯಲ್ಲೇ ಗಾಡಿಯಿಂದ ಹಾರಿ, ಕರವಸ್ತ್ರ ಮೂಗಿಗೆ ಹಿಡಿದು, ಒಬ್ಬರೇ ಇಳಿಜಾರಿನಲ್ಲಿ ಹೋಗುತ್ತಿದ್ದರು. ಪೈಲ್ವಾನನಿಗೆ ಅವಮಾನ ತಡೆಯಲಾಗಲಿಲ್ಲ. ಅವನೂ ಹೊರಟ.

"ಅಣ್ಣಾ, ನೀನು ನಿಲ್ಲು" ಎಂದಳು ಬ್ರೇಕಮ್ಮ. "ಅವರು ಬಿದ್ರೆ ನೀನು ಎತ್ತಬಹುದು. ನೀನು ಬಿದ್ರೆ ಎತ್ತೋಕೆ ಕ್ರೇನ್ ಎಲ್ಲಿಂದ ತರಲಿ?"

ಪೈಲ್ವಾನ ನಿಂತ. ಅವಳು ಸೀಟಿಗೆ ಹತ್ತಿ ಹಾರನ್ ಒತ್ತಿದಳು. ಒತ್ತಿದ ಕೈ ಎತ್ತಲಿಲ್ಲ. ಬಿಡುವಿಲ್ಲದ ಉದ್ದದ ಹಾರನ್ ಎಂದರೆ "ಎಲ್ಲರೂ ಈಗಲೇ ಹೊರಗೆ ಬನ್ನಿ" ಎಂದು ಅರ್ಥ. ಅದನ್ನೂ ನಮಗೆ ಹೇಳಿಕೊಟ್ಟಿದ್ದರು. ನಮ್ಮ ಠಾಣೆಯಲ್ಲಿ ಯಾರೂ ಬಳಸಿದ ನೆನಪಿಲ್ಲ. ಸಾಹೇಬರು ಮೊದಲು ಕೇಳದವರಂತೆ ಇನ್ನಷ್ಟು ಇಳಿದರು. ಹಾರನ್ ನಿಲ್ಲಲಿಲ್ಲ. ಅವರು ತಿರುಗಿ ಕೈ ಬೀಸಿ ಬೈದರು. ಹಾರನ್ ನಿಲ್ಲಲಿಲ್ಲ. ನಾಯಿಗಳು ಊಳಿಟ್ಟವು, ಗಿರಣಿಯ ಮಗು ಅಳತೊಡಗಿತು. ಕಡೆಗೆ ಆ ಹೆಂಗಸಿನ ಎದುರಿಗೇ ನಿಂತು ಬೈಯದೆ ಹೋದರೆ ಜೀವ ಉಳಿಯದು ಎಂಬಂತೆ ಸಾಹೇಬರು ದಡದಡ ಮೇಲಕ್ಕೆ ಬಂದರು. ಬೈಯುವ ಆಸೆಯೇ ಅವರ ಜೀವ ಉಳಿಸಿತು. ಅವರು ತಿರುಗಿದ ಜಾಗದಲ್ಲಿ ಆ ಮಬ್ಬು ಮೊಣಕಾಲೆತ್ತರಕ್ಕೆ ಬಂದದ್ದನ್ನು ನಾವೆಲ್ಲ ಕಣ್ಣಾರೆ ಕಂಡೆವು. ನಗುತ್ತಿದ್ದ ಜನ ಒಂದೊಂದೇ ಹೆಜ್ಜೆ ಹಿಂದೆ ಸರಿದರು.

ಸಾಹೇಬರು ಗಾಡಿಯ ಮುಂದೆ ನಿಂತು ಬಾಯಿ ತೆರೆದರು. ಬೈಗುಳ ಬರಲಿಲ್ಲ, ಕೆಮ್ಮು ಬಂತು. ಕಣ್ಣು ಕೆಂಡದಂತಾಗಿ ನೀರು ಸುರಿಯುತ್ತಿತ್ತು.

"ಸಾರ್, ಅಂಗಿ ಬಿಚ್ಚಿ" ಎಂದಳು ಬ್ರೇಕಮ್ಮ.

ಸಾಹೇಬರು ಎರಡು ಹೆಜ್ಜೆ ಹಿಂದೆ ಹೋದರು.

"ಬಟ್ಟೆಯಲ್ಲಿ ಏನು ಅಂಟಿದೆಯೋ ಗೊತ್ತಿಲ್ಲ. ಬಿಚ್ಚಿ ಸಾರ್. ಪ್ಯಾಂಟೂ. ಅಣ್ಣಾ, ನೀರು ಬಿಡು!"

ನಡುಬೀದಿಯಲ್ಲಿ, ಅರ್ಧ ಊರಿನ ಎದುರು, ನಮ್ಮ ಸಾಹೇಬರು ಚಡ್ಡಿಯಲ್ಲಿ ನಿಂತು ಪೈಲ್ವಾನನ ಕೈಯಿಂದ ಅಭ್ಯಂಜನ ಮಾಡಿಸಿಕೊಂಡರು. ಪೈಲ್ವಾನ ಕಿವಿಯ ಹಿಂದೆಯನ್ನೂ ಬಿಡಲಿಲ್ಲ. ಆಮೇಲೆ ಗಿರಣಿಯಾಕೆ ಕೊಟ್ಟ ಹೂವಿನ ಬೆಡ್‌ಶೀಟ್ ಸುತ್ತಿಕೊಂಡು ಸಾಹೇಬರು ಒಂದು ಹಿಟ್ಟಿನ ಮೂಟೆಯ ಮೇಲೆ ಕೂತರು. ಆಂಬುಲೆನ್ಸ್ ಬರಬೇಕಿತ್ತು.

ಆಗ ಯಾರೋ ಕೂಗಿದರು, "ಅಯ್ಯೋ, ಅಲ್ಲಿ ನೋಡಿ!" ಈಜುಕೊಳದ ಎತ್ತರದ ಹಲಗೆಯ ಮೇಲೆ ಒಬ್ಬ ಮನುಷ್ಯ ಟವೆಲ್ ಬೀಸುತ್ತಿದ್ದ. ಕೊಳ ನೋಡಿಕೊಳ್ಳುವವನು. ಹೊರಗೆ ಓಡಲು ದಾರಿಯಿಲ್ಲದೆ ಮೇಲಕ್ಕೆ ಹತ್ತಿಬಿಟ್ಟಿದ್ದ.

ಜನ ನಮ್ಮ ಮೇಲೆ ಬಿದ್ದರು. "ಏನ್ರೀ ನಿಂತಿದ್ದೀರಾ? ಹೋಗ್ರೀ! ಆ ಮನುಷ್ಯ ಸಾಯ್ತಾನೆ!" ಒಬ್ಬ ಬ್ರೇಕಮ್ಮನ ಮುಖದ ಹತ್ತಿರ ಬೆರಳು ತಂದು, "ಭಯ ಆದ್ರೆ ಮನೇಲಿ ಇರಬೇಕಮ್ಮಾ" ಎಂದ.

"ಭಯ ಆಗಿದೆ" ಎಂದಳು ಅವಳು, ಊರಿಗೆಲ್ಲ ಕೇಳುವಂತೆ. "ನಿಮಗೆ ಆಗಿಲ್ವಾ? ಹಾಗಾದ್ರೆ ನೀವು ಹೋಗಿ, ದಾರಿ ಬಿಡ್ತೀನಿ."

ಆತ ದಾರಿ ನೋಡಿದ, ಮಬ್ಬು ನೋಡಿದ, ಬೆರಳು ಮಡಚಿಕೊಂಡ.

ಅವಳು ಗಾಡಿಯ ಮೈಕ್ ತೆಗೆದುಕೊಂಡಳು. "ಅಣ್ಣಾ, ಹಲಗೆ ಮೇಲಿರೋರೇ! ಅಲ್ಲೇ ಇರಿ! ಇಳೀಬೇಡಿ! ಉಸಿರಾಡೋಕೆ ಆಗ್ತಿದೆಯಾ?"

ಟವೆಲ್ ಹೌದೆಂಬಂತೆ ಆಡಿತು.

"ಕೆಳಗೆ ಏನಾಯ್ತು?"

ಆತ ಬಾಯಿಗೆ ಎರಡೂ ಕೈ ಹಿಡಿದು ಕೂಗಿದ. "ಲಾರಿಯೋನು ಬಂದ! ಟ್ಯಾಂಕಿಗೆ ಸುರಿದ! ಹೊಗೆ ಬಂತು!"

"ಯಾವ ಲಾರಿಯೋನು?"

"ಅಲ್ಲೇ ನಿಂತಿದ್ದಾನೆ! ಕೆಂಪು ಬನಿಯನ್!"

ಜನರೆಲ್ಲ ತಿರುಗಿದರು. ಕೆಂಪು ಬನಿಯನ್ನಿನವನು ಗಿರಣಿಯ ಕಂಬದ ಹಿಂದೆ, ಬೇರೆ ಯಾರದೋ ಮಗುವನ್ನು ಎತ್ತಿಕೊಂಡು ಈ ಊರಿನವನೇ ಎಂಬಂತೆ ನಿಂತಿದ್ದ.

"ನೀನು ತಂದದ್ದೇನಪ್ಪಾ?" ಎಂದಳು ಬ್ರೇಕಮ್ಮ.

"ಆಸಿಡ್, ಅಕ್ಕಾ. ದಿನಾ ತರೋದೇ."

"ಎಲ್ಲಿಗೆ ಸುರಿದೆ?"

"ನೀಲಿ ಟ್ಯಾಂಕಿಗೆ ಸುರಿ ಅಂದಿದ್ರು. ನೀಲಿಗೇ ಸುರಿದೆ. ನನ್ನ ತಪ್ಪೇನಿಲ್ಲ."

ಅವಳು ಮೈಕಿನಲ್ಲಿ ಹಲಗೆಯವನನ್ನು ಕೇಳಿದಳು, "ನೀಲಿ ಟ್ಯಾಂಕಿನಲ್ಲಿ ಏನಿತ್ತು?"

ದೂರದಿಂದ ಅಳುದನಿಯಲ್ಲಿ ಉತ್ತರ ಬಂತು. "ಎರಡೂ ನೀಲಿನೇ! ಒಂದರಲ್ಲಿ ಆಸಿಡ್ಡು! ಇನ್ನೊಂದರಲ್ಲಿ ಬ್ಲೀಚಿಂಗ್ ನೀರು!"

ಬ್ರೇಕಮ್ಮ ವೈರ್‌ಲೆಸ್ ಎತ್ತಿ ಕಂಟ್ರೋಲ್ ರೂಮಿಗೆ ಹೇಳಿದಳು. "ಆಸಿಡ್ಡು, ಬ್ಲೀಚಿಂಗ್ ನೀರು ಸೇರಿದೆ. ಹಳದಿ ಹಸಿರು, ನೆಲ ಹಿಡಿದು ಹರಿತಿದೆ. ಅದೇನು ಅಂತ ನನಗೆ ಗೊತ್ತಿಲ್ಲ. ಗೊತ್ತಿರೋರನ್ನ ಕೇಳಿ ಹೇಳಿ. ನಾನು ಕಾಯ್ತೀನಿ."

ಬಹಳ ಕಾಯಬೇಕಾಗಲಿಲ್ಲ. ನಮಗೆ ಮಾತ್ರ ಆ ಹೊತ್ತು ಒಂದು ಯುಗ. ಕಾಯುವುದು ನಮ್ಮ ಠಾಣೆಯ ಅಭ್ಯಾಸವೇ ಅಲ್ಲ; ನಮ್ಮ ಕಾಲುಗಳು ತಾವೇ ಕುಣಿಯುತ್ತಿದ್ದವು. ಆ ಕಡೆಯಿಂದ ತಿಳಿದವರೊಬ್ಬರು ಮಾತಾಡಿದರು. ಅದು ಕ್ಲೋರಿನ್. ಗಾಳಿಗಿಂತ ಭಾರ, ತಗ್ಗು ಹುಡುಕಿಕೊಂಡು ಹೋಗುತ್ತದೆ, ಎದೆ ಸುಡುತ್ತದೆ. ಟ್ಯಾಂಕಿಗೆ ನೇರವಾಗಿ ನೀರು ಹೊಡೆಯಬೇಡಿ. ನೀರನ್ನು ತುಂತುರಾಗಿ ಪರದೆಯಂತೆ ಹಿಡಿದು ಅನಿಲ ಮುಂದೆ ಹೋಗದಂತೆ ತಡೆಯಿರಿ. ಗಾಳಿ ಹೋಗುವ ದಿಕ್ಕಿನಲ್ಲಿರುವ ಜನರನ್ನು ಹೊರಡಿಸಿ, ಹೊರಡಲಾಗದವರು ಮಹಡಿ ಹತ್ತಿ ಕಿಟಕಿ ಮುಚ್ಚಲಿ. ಉಸಿರಿನ ಸಿಲಿಂಡರ್ ಮತ್ತು ಪೂರ್ತಿ ಮೈ ಮುಚ್ಚುವ ಉಡುಪು ಇಲ್ಲದೆ ಯಾರೂ ಹತ್ತಿರ ಹೋಗಕೂಡದು. ಹೋಗುವುದಾದರೆ ಗಾಳಿ ಬೆನ್ನಿಗಿರಲಿ.

ಉಡುಪುಗಳು ನಮ್ಮ ಗಾಡಿಯಲ್ಲೇ ಇದ್ದವು, ಬಂದ ದಿನದ ಪ್ಲಾಸ್ಟಿಕ್ಕಿನಲ್ಲೇ. ಗಂಡಸಿಗೆ ಅಂಥದ್ದು ಬೇಡ ಎಂಬುದು ಠಾಣೆಯ ಧೋರಣೆ. ಪೈಲ್ವಾನನಿಗೂ, ಏಣಿ ಹೊರುವ ಉದ್ದಪ್ಪನಿಗೂ ಹಾಕಿಸಿದೆವು. ಉದ್ದಪ್ಪನದು ಮೊಣಕಾಲಿಗೆ ನಿಂತಿತು. ಉಳಿದ ಕಾಲಿಗೆ ಗಂಬೂಟು ಏರಿಸಿ ಟೇಪ್ ಸುತ್ತಿದೆವು. ಉಳಿದವರು ಗಾಳಿಯ ದಾರಿಯಲ್ಲಿದ್ದ ಮನೆಗಳ ಬಾಗಿಲು ಬಡಿಯುತ್ತಾ ಓಡಿದರು. ತುಂತುರಿನ ಪರದೆ ಹಿಡಿಯುವ ಕೆಲಸ ಆಗ ತಾನೇ ಬಂದ ಪಕ್ಕದ ಠಾಣೆಯವರಿಗೆ ಹೋಯಿತು. ನಮ್ಮ ಬಂಪರ್ ನೋಡಿ ನಕ್ಕವರೇ. ಬ್ರೇಕಮ್ಮ ಅವರ ಗಾಡಿಯನ್ನೂ ಹೆಬ್ಬೆರಳು ತೋರಿಸಿ ಹಿಂದಕ್ಕೆ ಕಳಿಸಿದಳು. ಅವರೂ ರಿವರ್ಸ್ ಹಾಕಿದರು.

ಆಮೇಲೆ ನಮ್ಮ ಗಾಡಿಯನ್ನು ದೂರದಿಂದ ಸುತ್ತು ಹಾಕಿಸಿ ಕೊಳದ ಹಿಂದಿನ ಓಣಿಗೆ ತಂದಳು. ಅಲ್ಲಿ ಗಾಳಿ ನಮ್ಮ ಬೆನ್ನಿಗೆ. ಮಬ್ಬೆಲ್ಲ ಆಚೆ ಕಡೆಗೆ. ಹಿಂದಿನ ಗೋಡೆಗೆ ಏಣಿ ಆನಿಸಿದರೆ ಅದರ ತುದಿ ಹಲಗೆಗೆ ಮುಟ್ಟುತ್ತಿತ್ತು. ಉದ್ದಪ್ಪ ಏಣಿ ಹಿಡಿದ, ಪೈಲ್ವಾನ ಹತ್ತಿ, ಕೊಳದವನನ್ನು ಮೂಟೆಯಂತೆ ಹೆಗಲಿಗೆ ಹಾಕಿಕೊಂಡು ಇಳಿದ. ನಮ್ಮ ಇಬ್ಬರು ಮುಖವಾಡ ತೆಗೆಯುವ ಮುಂಚೆಯೇ ಮೂವರನ್ನೂ ಅವಳು ತಲೆಯಿಂದ ಕಾಲಿನ ತನಕ ತೊಳೆಸಿದಳು. ಕೊಳದವನು ನಡುಗುತ್ತಾ ಹೇಳಿದ, "ಅಕ್ಕಾ, ನನಗೆ ಈಜು ಬರಲ್ಲ. ಹಲಗೆ ಮೇಲೆ ನಿಂತು ಅದೇ ಭಯ ಆಗ್ತಿತ್ತು."

ಟ್ಯಾಂಕನ್ನು ಅನಿಲದ ಕೆಲಸ ಬಲ್ಲ ತಂಡ ಬಂದು ಸಂಜೆಯೊಳಗೆ ಸರಿಮಾಡಿತು. ಒಂದು ಜೀವವೂ ಹೋಗಲಿಲ್ಲ. ಹೋದದ್ದು ಸಾಹೇಬರ ದನಿ ಮತ್ತು ಮರ್ಯಾದೆ. ದನಿ ತಿರುಗಿ ಬರುತ್ತದೆಂದು ಡಾಕ್ಟರು ಹೇಳಿದರು.

ಆದರೆ ಅದಕ್ಕೂ ಮುಂಚೆ, ಕೊಳದವನನ್ನು ಕರೆದುಕೊಂಡು ನಾವು ಗಿರಣಿಗೆ ಮರಳಿದ ಮೇಲೆ ಆಂಬುಲೆನ್ಸ್ ಹತ್ತುವಾಗ, ಸಾಹೇಬರು ಬೆಡ್‌ಶೀಟಿನಿಂದ ಒಂದು ಕೈ ಹೊರಗೆ ತೆಗೆದಿದ್ದರು. ಮಾತಾಡಲು ಆಗದೆ ಗಾಳಿಯಲ್ಲಿ ಕೀ ತಿರುಗಿಸುವಂತೆ ಮಾಡಿ, ಅಂಗೈ ಚಾಚಿದರು. ಅರ್ಥ ಸ್ಪಷ್ಟವಿತ್ತು. ಬ್ರೇಕಮ್ಮ ಸೊಂಟದ ಬಳೆ ಬಿಚ್ಚಿ, ಹಿತ್ತಾಳೆಯ ಕೀ ಕಳಚಿ, ಅಂಗೈಯಲ್ಲಿಟ್ಟಳು. ಸಾಹೇಬರು ಮುಷ್ಟಿ ಬಿಗಿದರು. ಆಸ್ಪತ್ರೆಯಲ್ಲಿ ಆ ಕೀ ದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗಿದ್ದರಂತೆ.

ಮಾರನೆಯ ದಿನ ಸಾಹೇಬರು ದೂರು ಹೇಳಲು ಆಸ್ಪತ್ರೆಯಿಂದ ನೇರ ಠಾಣೆಗೆ ಬಂದರು. ಮೇಲಿನ ಕಚೇರಿಯಿಂದ ದೊಡ್ಡ ಸಾಹೇಬರೂ ಬಂದರು. ಮೇಜಿನ ಆ ಕಡೆ ಅವರು, ಪಕ್ಕದಲ್ಲಿ ಗಂಟಲಿಗೆ ಮಫ್ಲರ್ ಸುತ್ತಿದ ನಮ್ಮ ಸಾಹೇಬರು, ಈ ಕಡೆ ನಿಂತ ಬ್ರೇಕಮ್ಮ. ನಾವು ಬಾಗಿಲಲ್ಲಿ, ಒಬ್ಬರ ಹೆಗಲ ಮೇಲೆ ಒಬ್ಬರು. ನಮ್ಮ ಸಾಹೇಬರು ಹಿತ್ತಾಳೆಯ ಕೀಯನ್ನು ಮೇಜಿನ ನಡುವೆ ಇಟ್ಟರು.

"ಗಾಡಿ ಹಿಂದಕ್ಕೆ ತೆಗೆಯೋಕೆ ಯಾರು ಹೇಳಿದ್ದಮ್ಮಾ?" ಎಂದರು ದೊಡ್ಡ ಸಾಹೇಬರು.

"ಮುಂದಕ್ಕೆ ಹೋಗು ಅನ್ನೋರು ಬೇಕಾದಷ್ಟು ಜನ ಇದ್ರು ಸಾರ್. ಹಿಂದಕ್ಕೆ ಅನ್ನೋರು ಒಬ್ಬರೂ ಇರಲಿಲ್ಲ. ಅದಕ್ಕೇ ನಾನೇ ಹೇಳಿಕೊಂಡೆ."

"ಅದು ಕ್ಲೋರಿನ್ ಅಂತ ಗೊತ್ತಿತ್ತಾ?"

"ಇಲ್ಲ ಸಾರ್."

"ನೋಡಿ!" ಎಂದು ನಮ್ಮ ಸಾಹೇಬರು ಕಪ್ಪೆಯ ದನಿಯಲ್ಲಿ ಹಾರಿದರು. "ಗೊತ್ತಿರಲಿಲ್ವಂತೆ!"

"ಗೊತ್ತಿದ್ದಿದ್ರೆ ಯಾಕೆ ಸಾರ್ ಹಿಂದಕ್ಕೆ ಬರಲಿ? ಗೊತ್ತಿರಲಿಲ್ಲ ಅಂತಾನೇ ಬಂದೆ." ಅವಳು ದೊಡ್ಡ ಸಾಹೇಬರ ಕಡೆ ತಿರುಗಿದಳು. "ನಮ್ಮಪ್ಪ ಟ್ಯಾಂಕರ್ ತೊಳೆಯೋ ಕೆಲಸ ಮಾಡ್ತಿದ್ರು. ಒಂದು ದಿನ ಒಳಗೆ ಇಳಿದೋನು ಮಾತಾಡೋದು ನಿಲ್ಲಿಸಿಬಿಟ್ಟ. ಒಳಗಿರೋದು ಬರೀ ಕಾಕಂಬಿ ಅಂತ ಎಲ್ಲರಿಗೂ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು, ಅವನನ್ನ ಎತ್ತೋಕೆ ಇಳಿದ್ರು. ಗೊತ್ತಿದ್ದೋರು ಒಬ್ಬರೂ ಮೇಲೆ ಬರಲಿಲ್ಲ ಸಾರ್. ಏನಿದೆಯೋ ಗೊತ್ತಿಲ್ಲ ಅಂತ ಮೇಲೇ ನಿಂತೋನು ಒಬ್ಬ. ಅವನೇ ನಮ್ಮನೆಗೆ ಬಂದು ಹೇಳಿದ್ದು."

ದೊಡ್ಡ ಸಾಹೇಬರು ನಮ್ಮ ಸಾಹೇಬರ ಕಡೆ ತಿರುಗಿ ಕೇಳಿದರು, "ನಡುಬೀದಿಯಲ್ಲಿ ಬಟ್ಟೆ ಬಿಚ್ಚಿಸಿದಳು ಅಂದ್ರಲ್ಲ. ಅದಕ್ಕೆ ಡಾಕ್ಟರು ಏನಂದ್ರು?"

"ತೊಳೆದದ್ದು ಒಳ್ಳೇದಾಯ್ತು ಅಂದ್ರು" ಎಂದರು ನಮ್ಮ ಸಾಹೇಬರು, ಮಫ್ಲರಿನೊಳಗೆ.

"ಇನ್ನೊಂದು ವಿಷಯ. ನಿನ್ನೆ ಸಂಜೆ ಗುಜರಿ ಅಂಗಡಿಯಲ್ಲಿ ಬೆಂಕಿ ಬಿದ್ದಿತ್ತು. ನಿಮ್ಮ ಠಾಣೆಯ ಗಾಡಿ ಹೋಗಿ ಆರಿಸಿದೆ. ಕೀ ಮಾತ್ರ ನಿಮ್ಮ ದಿಂಬಿನ ಕೆಳಗಿತ್ತು ಅಂತೀರಿ. ಗಾಡಿ ಹೇಗೆ ಹೋಯ್ತು?"

ನಮ್ಮ ಸಾಹೇಬರು ನಮ್ಮನ್ನು ನೋಡಿದರು. ನಾವು ಸೂರು ನೋಡಿದೆವು. ಗಂಟೆ ಹೊಡೆದಾಗ ಬ್ರೇಕಮ್ಮ ಎಂದಿನಂತೆ ಹತ್ತಿ ಕೂತಿದ್ದಳು, ಗಾಡಿ ಎಂದಿನಂತೆ ಸ್ಟಾರ್ಟ್ ಆಗಿತ್ತು. ನಾವು ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ನಮ್ಮನ್ನೆಲ್ಲ ಮೊಣಕೈಯಿಂದ ತಿವಿದುಕೊಂಡು ಒಬ್ಬ ಮುದುಕಿ ಒಳಗೆ ಬಂದರು. ಕಣ್ಣು ಕೆಂಪು, ಮೂಗು ಅದಕ್ಕಿಂತ ಕೆಂಪು. "ಏನೇ, ನಿನ್ನೆಯಿಂದ ಒಂದು ಚಿಟಿಕೆ ನಶ್ಯ ಇಲ್ಲ ಕಣೇ ನನಗೆ! ಕೇಳಿದಾಗಲೆಲ್ಲ ನಾಳೆ ಅಂತೀಯಲ್ಲ, ನನ್ನ ಟ್ರಂಕಿನ ಕೀಲಿ ಎಲ್ಲಿ ಹಾಕಿದ್ದೀಯ?" ಎಂದವರೇ ಮೇಜಿನ ಮೇಲೆ ನೋಡಿದರು. "ಅಯ್ಯೋ, ಇಲ್ಲೇ ಇದೆಯಲ್ಲ! ಇದನ್ಯಾಕೆ ಈ ಗಂಡಸರ ಮಧ್ಯೆ ಇಟ್ಟಿದ್ದೀಯ?" ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು, ಯಾರಿಗೂ ಏನೂ ಹೇಳದೆ ಹೊರಟುಹೋದರು.

ದೊಡ್ಡ ಸಾಹೇಬರು ಬಹಳ ಹೊತ್ತು ಕಿಟಕಿಯ ಕಡೆ ತಿರುಗಿ ಕೂತಿದ್ದರು. ಅವರ ಭುಜ ಅಲುಗುತ್ತಿತ್ತು. ತಿರುಗಿದಾಗ ಮುಖ ಗಂಭೀರವಾಗಿತ್ತು. "ಗಾಡಿ ಕೀ ಎಲ್ಲಿದೆಯಮ್ಮಾ?"

ಬ್ರೇಕಮ್ಮ ಸೊಂಟದ ಬಳೆ ಮುಟ್ಟಿ ತೋರಿಸಿದಳು. ತೆಗೆದು ಮೇಜಿನ ಮೇಲೆ ಇಡಲಿಲ್ಲ.

"ಅಲ್ಲೇ ಇರಲಿ" ಎಂದು ಅವರು ಎದ್ದರು.

ನಮ್ಮ ಸಾಹೇಬರು ತಡೆಯಲಾರದೆ ಮೇಜು ಗುದ್ದಿದರು. "ಸಾರ್, ಇದು ಮೋಸ! ಗಾಡಿ ಕೀ ಕೇಳಿದ್ರೆ ಟ್ರಂಕಿನ ಕೀಲಿ ಕೊಡೋದಾ?"

ಬ್ರೇಕಮ್ಮ ಟೋಪಿ ಸರಿಮಾಡಿಕೊಂಡಳು. "ಕೈಗೆ ಬಂದದ್ದು ಏನು ಅಂತ ನೋಡದೇ ಮುಷ್ಟಿ ಬಿಗಿದೋರು ನೀವು ಸಾರ್."